ಮೇಲಿಂದ ಮೇಲೆ ಬದಲಾಗುವ ಚಷ್ಮಾ ನಂಬರು: ಕೆರಟೋಕೋನಸ್ ರೋಗ ಮತ್ತು ಕ್ರಾಸ್‌ಲಿಂಕಿಂಗ್ ಚಿಕಿತ್ಸೆ

ಕಣ್ಣಿನ ತೊಂದರೆ ಎಂದೊಡನೆ ನಮ್ಮ ಭಾಗದ ಜನರಿಗೆ ಮೊದಲು ನೆನಪಾಗುವುದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಉತ್ತರ ಕರ್ನಾಟಕದವರೇ ಆದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಪೊರೆ ತೆಗೆದು ದೃಷ್ಟಿ ಕೊಟ್ಟದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಪೊರೆ ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ಬರುತ್ತದೆ. ಅದನ್ನು ತೆಗೆದು ಮಸೂರ ಕೂಡಿಸಿದರೆ ಹೋದ ದೃಷ್ಟಿ ಮರಳಿ ಬರುತ್ತದೆ. ಹೀಗಾಗಿ "ಆಪರೇಶನ್ ಮಾಡಿಸಿದರೆ ಕಣ್ಣು ಕಾಣುತ್ತದೆ, ಸ್ವಲ್ಪ ತಡವಾದರೂ ನಡೆಯುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ.

ಈ ಲೇಖನದಲ್ಲಿ ತಿಳಿಸಲಿರುವ ಕೆರಟೋಕೋನಸ್ ಎಂಬ ರೋಗ ಇದಕ್ಕೆ ತದ್ವಿರುದ್ಧವಾದುದು. ಇದು ಹರೆಯದಲ್ಲಿ ಬರುತ್ತದೆ. ಇದಕ್ಕಿರುವ ಮುಖ್ಯ ಚಿಕಿತ್ಸೆಯಾದ ಕ್ರಾಸ್‌ಲಿಂಕಿಂಗ್ ಹೋದ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆಯಲ್ಲ, ಇರುವ ದೃಷ್ಟಿಯನ್ನು ಉಳಿಸುವ ಚಿಕಿತ್ಸೆ. ಈ ಒಂದು ವ್ಯತ್ಯಾಸವನ್ನು ರೋಗಿಗಳೂ ಪಾಲಕರೂ ಚೆನ್ನಾಗಿ ಅರಿತುಕೊಳ್ಳಬೇಕು. ಅರಿಯದವರು ಎರಡು ರೀತಿಯಲ್ಲಿ ನಷ್ಟ ಅನುಭವಿಸುತ್ತಾರೆ. ಕೆಲವರು "ಇನ್ನೂ ಕಾಣುತ್ತದಲ್ಲ" ಎಂದು ಕಾಯುತ್ತಾ ಕುಳಿತು ಸಮಯ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಚಿಕಿತ್ಸೆ ಮಾಡಿಸಿಕೊಂಡು, "ಮೊದಲಿನಂತೆಯೇ ಕಾಣುತ್ತದೆ, ದುಡ್ಡು ದಂಡವಾಯಿತು" ಎಂದು ಬೇಸರಪಟ್ಟು ಮರುಪರೀಕ್ಷೆಗೆ ಬರುವುದನ್ನೇ ಬಿಡುತ್ತಾರೆ.

ಕೆರಟೋಕೋನಸ್ ಎಂದರೇನು?

ನಮ್ಮ ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪಟಲವಿದೆ. ಇದಕ್ಕೆ ಕಾರ್ನಿಯಾ ಎನ್ನುತ್ತಾರೆ. ಹೊರಗಿನ ಬೆಳಕು ಮೊದಲು ಇದರ ಮೂಲಕವೇ ಹಾಯ್ದು ಕಣ್ಣಿನೊಳಗೆ ಹೋಗಬೇಕು. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ವೈದ್ಯರು ಇದನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. 1 ಮಿಲಿಮೀಟರಿಗೆ 1000 ಮೈಕ್ರಾನ್. ಆರೋಗ್ಯವಂತರ ಕಾರ್ನಿಯಾ ನಡುವಿನಲ್ಲಿ ಸರಾಸರಿ 540 ಮೈಕ್ರಾನ್ ದಪ್ಪವಿರುತ್ತದೆ.

ಭಾಗ್ಯನಗರದ ಮಗ್ಗಗಳನ್ನು ಕಂಡವರಿಗೆ ಕಾರ್ನಿಯಾದ ರಚನೆಯನ್ನು ತಿಳಿಸುವುದು ಸುಲಭ. ಸೀರೆಯಲ್ಲಿ ಹಾಸು ಮತ್ತು ಹೊಕ್ಕಿನ ಎಳೆಗಳಿರುವಂತೆ ಕಾರ್ನಿಯಾದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಪದರ ಪದರವಾಗಿ, ಅಡ್ಡಡ್ಡವಾಗಿ ಹಾಸಿಕೊಂಡಿರುತ್ತವೆ. ಎಳೆಗಳ ನಡುವೆ ರಾಸಾಯನಿಕ ಬೆಸುಗೆಗಳಿವೆ. ಈ ಬೆಸುಗೆ ಬಿಗಿಯಾಗಿದ್ದರೆ ಪಟಲ ತನ್ನ ದುಂಡು ಆಕಾರವನ್ನು ಕಾಯ್ದುಕೊಳ್ಳುತ್ತದೆ. ನೇಯ್ಗೆ ಸಡಿಲವಾದ ಬಟ್ಟೆ ಒಂದೇ ಜಾಗದಲ್ಲಿ ಜಗ್ಗಿ ಜೋತು ಬೀಳುವಂತೆ, ಬೆಸುಗೆ ಸಡಿಲವಾದ ಕಾರ್ನಿಯಾ ಕಣ್ಣಿನೊಳಗಿನ ಒತ್ತಡಕ್ಕೆ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಕ್ರಮೇಣ ಅದು ಶಂಕುವಿನ ಆಕಾರ ತಾಳುತ್ತದೆ. ಇದೇ ಕೆರಟೋಕೋನಸ್.

ಆಕಾರ ಕೆಟ್ಟ ಪಟಲದ ಮೂಲಕ ಬರುವ ಬೆಳಕು ಒಂದೇ ಕಡೆ ಕೂಡುವುದಿಲ್ಲ. ಜಾತ್ರೆಯ ಸೊಟ್ಟ ಕನ್ನಡಿಯಲ್ಲಿ ಮುಖ ಹೇಗೆ ತಿರುಚಿ ಕಾಣುತ್ತದೋ ಹಾಗೆ ಅಕ್ಷರಗಳು, ದೀಪಗಳು ತಿರುಚಿ ಕಾಣುತ್ತವೆ. ಚಷ್ಮಾ ಹಾಕಿದರೂ ಪೂರ್ತಿ ಸ್ಪಷ್ಟವಾಗುವುದಿಲ್ಲ.

ಇದು ಯಾರಿಗೆ ಬರುತ್ತದೆ?

ಸಾಮಾನ್ಯವಾಗಿ 10ರಿಂದ 25 ವರ್ಷದೊಳಗೆ ಈ ರೋಗ ಆರಂಭವಾಗುತ್ತದೆ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಬೇಗ ಬೆಳೆಯುತ್ತದೆ. 35-40 ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಬೆಸುಗೆಗಳು ಸಹಜವಾಗಿಯೇ ಹೆಚ್ಚಿ ಪಟಲ ಗಟ್ಟಿಯಾಗುವುದು ಇದಕ್ಕೆ ಒಂದು ಕಾರಣ. ಆದರೆ ಅಷ್ಟರೊಳಗೆ ಓದು, ನೌಕರಿ, ಮದುವೆ ಎಲ್ಲದರ ವಯಸ್ಸೂ ಕಳೆದಿರುತ್ತದೆ. ಆದ್ದರಿಂದ ತಾನಾಗಿ ನಿಲ್ಲಲಿ ಎಂದು ಕಾಯುವುದು ಜಾಣತನವಲ್ಲ.

ಇದು ಅಪರೂಪದ ರೋಗವೆಂದು ಹಿಂದೆ ಭಾವಿಸಲಾಗಿತ್ತು. 2009ರಲ್ಲಿ ಪ್ರಕಟವಾದ, ನಾಗಪುರದ ಬಳಿಯ ಹಳ್ಳಿಗಳಲ್ಲಿ 30 ವರ್ಷ ದಾಟಿದವರ ಮೇಲೆ ನಡೆದ ಅಧ್ಯಯನದಲ್ಲಿ ಶೇ. 2.3ರಷ್ಟು ಜನರ ಕಾರ್ನಿಯಾದ ಬಾಗು ಈ ರೋಗವನ್ನು ಸೂಚಿಸುವ ಮಟ್ಟದಲ್ಲಿತ್ತು. ಬಾಗಿನ ಅಳತೆಯೊಂದನ್ನೇ ಆಧರಿಸಿದ ಲೆಕ್ಕವಾದ್ದರಿಂದ ಇದನ್ನು ಎಚ್ಚರದಿಂದ ಓದಬೇಕು. ಆದರೂ ನಮ್ಮ ದೇಶದ ಹಳ್ಳಿಗಳಲ್ಲಿ ಈ ರೋಗ ತೀರ ವಿರಳವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ರೋಗಕ್ಕೆ ಒಂದೇ ಒಂದು ಕಾರಣವಿಲ್ಲ. ಈ ಕೆಳಗಿನವರು ಹೆಚ್ಚು ಎಚ್ಚರವಾಗಿರಬೇಕು:

1. ಕಣ್ಣನ್ನು ಮೇಲಿಂದ ಮೇಲೆ ಜೋರಾಗಿ ತಿಕ್ಕುವ ಅಭ್ಯಾಸ ಇರುವವರು.
2. ಅಲರ್ಜಿಯಿಂದ ಕಣ್ಣು ಕೆಂಪಾಗಿ ತುರಿಸುವ ಮಕ್ಕಳು.
3. ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಈ ರೋಗ ಇರುವವರು.
4. ಡೌನ್ ಸಿಂಡ್ರೋಮ್ ಇರುವ ಮಕ್ಕಳು.
5. ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳು. ಇವರಲ್ಲಿ ರೋಗ ಹೆಚ್ಚಾಗಿ ಕಂಡುಬಂದಿದೆ ಎಂದು ಕೆಲವು ಅಧ್ಯಯನಗಳು ತಿಳಿಸಿವೆ.

ನಮ್ಮ ಸುತ್ತಿನಲ್ಲಿ ಧೂಳಿಗೆ ಕೊರತೆಯಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟು, ಯಲಬುರ್ಗಾ ಮತ್ತು ಕುಷ್ಟಗಿಯ ಹೊಲಗಳಲ್ಲಿ ರಾಶಿ ಮಾಡುವಾಗ ಏಳುವ ಧೂಳು, ಭಾಗ್ಯನಗರದ ಮಗ್ಗದ ಮನೆಗಳ ನೂಲಿನ ಪುಡಿ, ಕೂದಲು ಹಸನು ಮಾಡುವ ಕೆಲಸದ ಧೂಳು ಇವೆಲ್ಲ ಕಣ್ಣನ್ನು ತುರಿಸುವಂತೆ ಮಾಡಬಲ್ಲವು. ಧೂಳೇ ಕೆರಟೋಕೋನಸ್ ತರುತ್ತದೆ ಎಂದಲ್ಲ. ತುರಿಕೆಗೆ ಕಣ್ಣು ತಿಕ್ಕುವುದು ಮೊದಲೇ ದುರ್ಬಲವಾದ ಪಟಲಕ್ಕೆ ಪೆಟ್ಟು ಕೊಡುತ್ತದೆ. ಬೆರಳಿನ ಗಂಟಿನಿಂದ ಒತ್ತಿ ತಿಕ್ಕುವುದು ಇನ್ನೂ ಕೆಟ್ಟದ್ದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಣ್ಣಿನ ತುರಿಕೆಗೆಂದು ಔಷಧದ ಅಂಗಡಿಯಿಂದ ನೀವೇ ಡ್ರಾಪ್ಸ್ ತಂದು ಹಾಕಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದು, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಯಾವ ಚಿಕಿತ್ಸೆಗೂ ಮರಳಿ ಬಾರದು.

ಲಕ್ಷಣಗಳು ಯಾವುವು?

ಈ ರೋಗದಲ್ಲಿ ಆರಂಭದಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಕೆಳಗಿನವುಗಳನ್ನು ಗಮನಿಸಿ:

1. ವರ್ಷದೊಳಗೆ ಎರಡು-ಮೂರು ಸಲ ಚಷ್ಮಾ ನಂಬರು ಬದಲಾಗುವುದು. ಅದರಲ್ಲೂ ಅಡ್ಡ ನಂಬರು, ಅಂದರೆ ಸಿಲಿಂಡರ್ ನಂಬರು ಏರುತ್ತಾ ಹೋಗುವುದು.
2. ಹೊಸ ಚಷ್ಮಾ ಹಾಕಿದರೂ ಫಲಕದ ಅಕ್ಷರ ಸರಿಯಾಗಿ ಕಾಣದಿರುವುದು.
3. ಒಂದು ಅಕ್ಷರದ ಹಿಂದೆ ಇನ್ನೊಂದು ನೆರಳಿನಂತೆ ಕಾಣುವುದು.
4. ರಾತ್ರಿ ಎದುರಿನ ವಾಹನದ ದೀಪ ಒಡೆದು ಚೆಲ್ಲಿದಂತೆ ಕಾಣುವುದು.
5. ಎರಡು ಕಣ್ಣುಗಳ ನಡುವೆ ದೃಷ್ಟಿಯಲ್ಲಿ ಬಹಳ ವ್ಯತ್ಯಾಸವಿರುವುದು.

ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಕಣ್ಣಿನ ದೋಷ ಮಗುವಿಗೆ ತಿಳಿಯುವುದೇ ಇಲ್ಲ. ಮನೆಯಲ್ಲಿಯೇ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ದೂರದ ಕ್ಯಾಲೆಂಡರಿನ ಅಂಕಿ ಓದಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ರೋಗವನ್ನು ಖಚಿತಪಡಿಸಲು ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ಟೊಪೋಗ್ರಫಿ ಎಂಬ ಪರೀಕ್ಷೆ ಬೇಕು. ಯಂತ್ರದ ಮುಂದೆ ಗಲ್ಲ ಊರಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸೂಜಿ, ನೋವು ಯಾವುದೂ ಇಲ್ಲ. ಬಾಗಿನ ಶಕ್ತಿಯನ್ನು ಡಯಾಪ್ಟರ್ ಎಂಬ ಮಾನದಲ್ಲಿ ಹೇಳುತ್ತಾರೆ. ಚಷ್ಮಾ ನಂಬರಿಗೂ ಇದೇ ಮಾನ. ಸಾಮಾನ್ಯ ಕಾರ್ನಿಯಾದ ಬಾಗು ಸುಮಾರು 43-44 ಡಯಾಪ್ಟರ್. ಒಂದು ಸಲದ ನಕ್ಷೆಯಿಂದ ರೋಗವಿದೆಯೇ ಎಂದು ತಿಳಿಯುತ್ತದೆ. ರೋಗ ಬೆಳೆಯುತ್ತಿದೆಯೇ ಎಂದು ತಿಳಿಯಲು ಹಳೆಯ ನಕ್ಷೆ ಮತ್ತು ಹೊಸ ನಕ್ಷೆಗಳನ್ನು ಹೋಲಿಸಬೇಕು. ಆದ್ದರಿಂದ ಹಳೆಯ ರಿಪೋರ್ಟುಗಳನ್ನೂ ಹಳೆಯ ಚಷ್ಮಾ ಚೀಟಿಗಳನ್ನೂ ಎಸೆಯದೆ ಜೋಪಾನವಾಗಿಡಿ.

ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಬಂದ ಬಗೆ

1990ರ ದಶಕದವರೆಗೆ ಈ ರೋಗದ ಬೆಳವಣಿಗೆಯನ್ನು ತಡೆಯುವ ಉಪಾಯವೇ ಇರಲಿಲ್ಲ. ಚಷ್ಮಾ, ನಂತರ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಅದೂ ಸಾಲದಾದರೆ ಕಾರ್ನಿಯಾ ಕಸಿ, ಇಷ್ಟೇ ದಾರಿ. ಜರ್ಮನಿಯ ಡ್ರೆಸ್ಡೆನ್ ನಗರದ ವಿಜ್ಞಾನಿಗಳಾದ ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್ ಮತ್ತು ಗ್ರೆಗೋರ್ ವೊಲೆನ್‌ಸಾಕ್ ಅವರು ಸಡಿಲವಾದ ಎಳೆಗಳ ನಡುವೆ ಹೊಸ ಬೆಸುಗೆ ಹಾಕುವ ದಾರಿ ಹುಡುಕಿದರು. ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಹನಿಗಳನ್ನು ಕಾರ್ನಿಯಾಕ್ಕೆ ಹೀರಿಸಿ, ಅದರ ಮೇಲೆ ಅಳತೆಯ ನೇರಳಾತೀತ ಕಿರಣ ಬಿಟ್ಟಾಗ ಎಳೆಗಳ ನಡುವೆ ಹೊಸ ಕೊಂಡಿಗಳು ಹುಟ್ಟಿ ಪಟಲ ಬಿಗಿಯಾಗುತ್ತದೆ. ಈ ಅಡ್ಡಕೊಂಡಿಗಳಿಂದಲೇ ಕ್ರಾಸ್‌ಲಿಂಕಿಂಗ್ ಎಂಬ ಹೆಸರು ಬಂತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದನ್ನು ಸಿ-3-ಆರ್ ಎಂದೂ ಕರೆಯುತ್ತಾರೆ. ಡಾಕ್ಟರ ಚೀಟಿಯಲ್ಲಿ ಯಾವ ಹೆಸರಿದ್ದರೂ ಚಿಕಿತ್ಸೆ ಒಂದೇ.

ನಮ್ಮ ರಾಜ್ಯದಲ್ಲಿಯೂ ಈ ರೋಗದ ಬಗ್ಗೆ ಮಹತ್ವದ ಸಂಶೋಧನೆ ನಡೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ರೋಹಿತ್ ಶೆಟ್ಟಿ ಮತ್ತು ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮುಖ್ಯ ಅಂಶ ಕಂಡುಬಂತು. ನಮ್ಮ ದೇಹದಲ್ಲಿ ಕೊಲಾಜೆನ್ ಬೆಸುಗೆ ಹಾಕುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಕೆರಟೋಕೋನಸ್ ರೋಗಿಗಳ ಕಾರ್ನಿಯಾದ ಮೇಲ್ಪೊರೆಯಲ್ಲಿ ಈ ಕಿಣ್ವ ತಯಾರಾಗುವುದು ಕುಗ್ಗಿತ್ತು. ರೋಗ ಹೆಚ್ಚಾದಷ್ಟೂ ಈ ಕೊರತೆಯೂ ಹೆಚ್ಚಾಗಿತ್ತು. ಹೀಗೆ ದೇಹ ಮಾಡಬೇಕಾದ ಬೆಸುಗೆ ಕೆಲಸ ಕುಂಠಿತವಾದಾಗ ಅದನ್ನು ಹೊರಗಿನಿಂದ ಮಾಡಿಕೊಡುವುದೇ ಈ ಚಿಕಿತ್ಸೆ ಎನ್ನಬಹುದು.

ಚಿಕಿತ್ಸೆಯನ್ನು ಹೇಗೆ ಮಾಡುತ್ತಾರೆ?

ಇದಕ್ಕೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ದೊಡ್ಡವರಿಗೆ ಅರಿವಳಿಕೆಯ ಹನಿ ಹಾಕಿದರೆ ಸಾಕು, ಇಂಜೆಕ್ಷನ್ ಬೇಡ. ಸುಮ್ಮನೆ ಮಲಗಲಾರದ ಚಿಕ್ಕ ಮಕ್ಕಳಿಗೆ ಮಾತ್ರ ಪೂರ್ಣ ಅರಿವಳಿಕೆ ಬೇಕಾಗಬಹುದು. ಮೊದಲು ಕಾರ್ನಿಯಾದ ಮೇಲಿನ ತೆಳುವಾದ ಪೊರೆಯನ್ನು ನಡುಭಾಗದಲ್ಲಿ ಸರಿಸುತ್ತಾರೆ. ನಂತರ ಹಳದಿ ಬಣ್ಣದ ರೈಬೋಫ್ಲೇವಿನ್ ಹನಿಗಳನ್ನು ಸುಮಾರು 30 ನಿಮಿಷ ಹಾಕುತ್ತಾರೆ. ಮೂಲ ವಿಧಾನದಲ್ಲಿ ಆ ಮೇಲೆ ಇನ್ನೂ 30 ನಿಮಿಷ ನೀಲಿ ಬಣ್ಣದಲ್ಲಿ ಕಾಣುವ ಕಿರಣದ ದೀಪವನ್ನು ನೋಡುತ್ತಾ ಮಲಗಬೇಕು. ಕೊನೆಗೆ ಪಟ್ಟಿಯ ಬದಲು ಒಂದು ಮೃದುವಾದ ಲೆನ್ಸನ್ನು ಕಣ್ಣಿನ ಮೇಲೆ ಇಡುತ್ತಾರೆ. 4-5 ದಿನಗಳಲ್ಲಿ ಹೊಸ ಪೊರೆ ಬೆಳೆದ ಮೇಲೆ ವೈದ್ಯರೇ ಅದನ್ನು ತೆಗೆಯುತ್ತಾರೆ. ನೀವಾಗಿಯೇ ಅದನ್ನು ತೆಗೆಯಬಾರದು.

ಕಿರಣದ ಸಮಯವನ್ನು ಕಡಿಮೆ ಮಾಡಿ ಶಕ್ತಿಯನ್ನು ಹೆಚ್ಚಿಸುವ ವೇಗದ ವಿಧಾನಗಳೂ ಇವೆ. ಇವುಗಳನ್ನು ಹೋಲಿಸಿ ನಾರಾಯಣ ನೇತ್ರಾಲಯದ ತಂಡ 138 ರೋಗಿಗಳ 138 ಕಣ್ಣುಗಳ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 30 ನಿಮಿಷ, 10 ನಿಮಿಷ, 5 ನಿಮಿಷ ಮತ್ತು 3 ನಿಮಿಷ ಎಂದು ನಾಲ್ಕು ಗುಂಪು ಮಾಡಲಾಗಿತ್ತು. ಒಂದು ವರ್ಷದ ನಂತರ ನೋಡಿದಾಗ ಮೊದಲ ಮೂರು ಗುಂಪುಗಳ ಫಲಿತಾಂಶ 3 ನಿಮಿಷದ ಗುಂಪಿಗಿಂತ ಉತ್ತಮವಾಗಿತ್ತು. ಆದ್ದರಿಂದ "ಬೇಗ ಮುಗಿಯುವುದೇ ಒಳ್ಳೆಯದು" ಎಂದು ಭಾವಿಸಬೇಡಿ. ನಿಮಗೆ ಮಾಡುವ ವಿಧಾನ ಯಾವುದು, ಏಕೆ ಅದನ್ನು ಆರಿಸಿದ್ದಾರೆ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಚಿಕಿತ್ಸೆ ಎಷ್ಟರ ಮಟ್ಟಿಗೆ ಫಲಕಾರಿ?

ಡ್ರೆಸ್ಡೆನ್ ತಂಡ 2003ರಲ್ಲಿ 22 ರೋಗಿಗಳ 23 ಕಣ್ಣುಗಳ ಫಲಿತಾಂಶ ಪ್ರಕಟಿಸಿತು. ಎಲ್ಲ ಕಣ್ಣುಗಳಲ್ಲಿಯೂ ರೋಗದ ಬೆಳವಣಿಗೆ ನಿಂತಿತ್ತು. 16 ಕಣ್ಣುಗಳಲ್ಲಿ ಉಬ್ಬು ಸುಮಾರು 2 ಡಯಾಪ್ಟರ್‌ನಷ್ಟು ಇಳಿದಿತ್ತು. ಆದರೆ ರೋಗಿಗಳ ಸಂಖ್ಯೆ ಕಡಿಮೆ. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸುವ ಅಧ್ಯಯನಗಳು ಆ ನಂತರ ಬಂದವು.

ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳನ್ನು 3 ವರ್ಷ ಗಮನಿಸಲಾಯಿತು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ಉಬ್ಬು ಸರಾಸರಿ 1.03 ಡಯಾಪ್ಟರ್ ಇಳಿಯಿತು. ಪಡೆಯದ ಕಣ್ಣುಗಳಲ್ಲಿ 1.75 ಡಯಾಪ್ಟರ್ ಏರಿತು. ಅಮೆರಿಕದ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಚಿಕಿತ್ಸೆ ಪಡೆದವರಲ್ಲಿ 1.6 ಡಯಾಪ್ಟರ್ ಇಳಿಕೆ, ಪಡೆಯದವರಲ್ಲಿ 1.0 ಡಯಾಪ್ಟರ್ ಏರಿಕೆ ಕಂಡುಬಂತು. ಅಮೆರಿಕ ಸರ್ಕಾರದ ಔಷಧ ಪ್ರಾಧಿಕಾರ 2016ರಲ್ಲಿ ಈ ಚಿಕಿತ್ಸೆಗೆ ಮನ್ನಣೆ ನೀಡಿತು.

ಪಾಲಕರು ವಿಶೇಷವಾಗಿ ಗಮನಿಸಬೇಕಾದುದು ಬ್ರಿಟನ್ನಿನಲ್ಲಿ 10ರಿಂದ 16 ವರ್ಷದ 60 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ. 18 ತಿಂಗಳ ನಂತರ ನೋಡಿದಾಗ, ಚಿಕಿತ್ಸೆ ಪಡೆದ 30 ಮಕ್ಕಳಲ್ಲಿ ರೋಗ ಬೆಳೆದದ್ದು ಇಬ್ಬರಲ್ಲಿ ಮಾತ್ರ. ಬರೀ ಚಷ್ಮಾ, ಲೆನ್ಸ್ ಬಳಸಿದ 28 ಮಕ್ಕಳಲ್ಲಿ 12 ಮಕ್ಕಳಿಗೆ ರೋಗ ಬೆಳೆದಿತ್ತು. ಅಂದರೆ ಕಾಯುತ್ತಾ ಕುಳಿತ ಮಕ್ಕಳಲ್ಲಿ ಹತ್ತಕ್ಕೆ ನಾಲ್ವರು ಒಂದೂವರೆ ವರ್ಷದೊಳಗೆ ಕಣ್ಣಿನ ಆಕಾರವನ್ನು ಇನ್ನಷ್ಟು ಕಳೆದುಕೊಂಡರು.

ದೀರ್ಘಕಾಲದ ಫಲವೂ ಸಮಾಧಾನಕರವಾಗಿದೆ. ಡ್ರೆಸ್ಡೆನ್‌ನಲ್ಲಿ 34 ಕಣ್ಣುಗಳನ್ನು 10 ವರ್ಷಗಳ ನಂತರ ಪರೀಕ್ಷಿಸಿದಾಗ ಹೆಚ್ಚಿನವು ಸ್ಥಿರವಾಗಿಯೇ ಇದ್ದವು. ಕೆಲವೇ ಕಣ್ಣುಗಳಿಗೆ ಮತ್ತೊಮ್ಮೆ ಚಿಕಿತ್ಸೆ ಬೇಕಾಯಿತು. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಕೆರಟೋಕೋನಸ್‌ಗಾಗಿ ಮಾಡಿದ ಕಾರ್ನಿಯಾ ಕಸಿಗಳ ಸಂಖ್ಯೆ 2005-2007ರ ಅವಧಿಯಲ್ಲಿ 269 ಇದ್ದುದು, ಈ ಚಿಕಿತ್ಸೆ ಬಳಕೆಗೆ ಬಂದ ಮೇಲೆ 2012-2014ರಲ್ಲಿ 201ಕ್ಕೆ ಇಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಸ್ವಿಟ್ಜರ್‌ಲ್ಯಾಂಡಿನಲ್ಲಿ 117 ಕಣ್ಣುಗಳಿಗೆ ಚಿಕಿತ್ಸೆ ನೀಡಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ. 7.6ರಷ್ಟು ಕಣ್ಣುಗಳಲ್ಲಿ ಚಿಕಿತ್ಸೆಯ ನಂತರವೂ ರೋಗ ಬೆಳೆಯಿತು. ಶೇ. 2.9ರಷ್ಟು ಕಣ್ಣುಗಳಲ್ಲಿ ದೃಷ್ಟಿಫಲಕದ ಎರಡು ಅಥವಾ ಹೆಚ್ಚು ಸಾಲುಗಳಷ್ಟು ದೃಷ್ಟಿ ಕುಂದಿತು. ಉಬ್ಬು 58 ಡಯಾಪ್ಟರ್ ದಾಟಿದ ಕಣ್ಣುಗಳಲ್ಲಿ ಚಿಕಿತ್ಸೆ ವಿಫಲವಾಗುವ ಸಂಭವ ಹೆಚ್ಚು ಎಂದೂ ಅದೇ ವರದಿ ತಿಳಿಸಿತು. ಬೇಗ ಬಂದವರಿಗೆ ಹೆಚ್ಚು ಫಲ, ತಡವಾಗಿ ಬಂದವರಿಗೆ ಕಡಿಮೆ ಫಲ ಎಂಬುದೇ ಇದರ ತಾತ್ಪರ್ಯ.

ಬೆಳೆ ನಿಂತ ಹೊಲಕ್ಕೆ ಬೇಲಿ ಹಾಕಿದರೆ ಉಳಿದ ಬೆಳೆಯನ್ನು ದನ ಮೇಯುವುದಿಲ್ಲ. ಆದರೆ ಅದಾಗಲೇ ಮೇಯ್ದುಹೋದ ಬೆಳೆಯನ್ನು ಬೇಲಿ ಮರಳಿ ತಂದುಕೊಡುವುದಿಲ್ಲ. ಕ್ರಾಸ್‌ಲಿಂಕಿಂಗ್ ಕಣ್ಣಿಗೆ ಹಾಕುವ ಬೇಲಿ. ಕೆಲವರಿಗೆ ದೃಷ್ಟಿ ಒಂದೆರಡು ಸಾಲು ಸುಧಾರಿಸುವುದುಂಟು. ಅದನ್ನು ಲಾಭವೆಂದು ತಿಳಿಯಿರಿ, ಹಕ್ಕೆಂದು ನಿರೀಕ್ಷಿಸಬೇಡಿ.

ಯಾರಿಗೆ ಮಾಡುತ್ತಾರೆ, ಯಾರಿಗೆ ಮಾಡುವುದಿಲ್ಲ?

ರೋಗ ಬೆಳೆಯುತ್ತಿರುವುದು ಪರೀಕ್ಷೆಯಿಂದ ಖಚಿತವಾದವರಿಗೆ ಈ ಚಿಕಿತ್ಸೆ ಬೇಕು. ಮಕ್ಕಳಲ್ಲಿ ರೋಗ ಬೇಗ ಬೆಳೆಯುವುದರಿಂದ ವೈದ್ಯರು ಬಹಳ ಕಾಲ ಕಾಯದೆ ಸಲಹೆ ನೀಡಬಹುದು. 40 ದಾಟಿ, ವರ್ಷಗಳಿಂದ ನಂಬರು ಬದಲಾಗದೇ ಇರುವವರಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ.

ಮೂಲ ವಿಧಾನಕ್ಕೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು. ಅದಕ್ಕಿಂತ ತೆಳುವಾಗಿದ್ದರೆ ಕಿರಣಗಳು ಪಟಲದ ಅತ್ಯಂತ ಒಳಗಿನ ಜೀವಕೋಶಗಳಿಗೆ ಹಾನಿ ಮಾಡಬಹುದು. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ತೆಳುವಾದ ಕಣ್ಣುಗಳಿಗೆ ಮಾರ್ಪಡಿಸಿದ ವಿಧಾನಗಳಿವೆ. ಅವುಗಳನ್ನು ತಜ್ಞರೇ ನಿರ್ಧರಿಸಬೇಕು. ಗರ್ಭಿಣಿಯರು, ಹಿಂದೆ ಕಣ್ಣಿಗೆ ಹರ್ಪಿಸ್ ಸರ್ಪಸುತ್ತಿನಂಥ ವೈರಸ್ ಸೋಂಕು ಆದವರು, ಸದ್ಯ ಕಣ್ಣಿನಲ್ಲಿ ಸೋಂಕು ಇರುವವರು, ಕಾರ್ನಿಯಾದ ನಡುವೆ ಈಗಾಗಲೇ ಹೂ ಬಿದ್ದವರು ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಲರ್ಜಿ ಇದ್ದವರಿಗೆ ಮೊದಲು ಅದನ್ನು ಹತೋಟಿಗೆ ತಂದು ನಂತರ ಚಿಕಿತ್ಸೆ ಮಾಡುತ್ತಾರೆ.

ಚಿಕಿತ್ಸೆಯ ನಂತರ ಪಾಲಿಸಬೇಕಾದ ನಿಯಮಗಳು

1. ಮೊದಲ 2-3 ದಿನ ಕಣ್ಣು ನೋಯುತ್ತದೆ, ನೀರು ಸುರಿಯುತ್ತದೆ, ಬೆಳಕು ಸಹಿಸಲಾಗುವುದಿಲ್ಲ. ಇದು ಸಹಜ. ವೈದ್ಯರು ಕೊಟ್ಟ ಗುಳಿಗೆ ಮತ್ತು ಡ್ರಾಪ್ಸ್‌ಗಳನ್ನು ಹೊತ್ತಿಗೆ ಸರಿಯಾಗಿ ಬಳಸಿ.
2. ನೋವು ದಿನೇ ದಿನೇ ಹೆಚ್ಚಾದರೆ, ಕೀವು ಬಂದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಸೋಂಕು ಅಪರೂಪ, ಆದರೆ ಬಂದರೆ ಒಂದು ದಿನದ ತಡವೂ ದುಬಾರಿಯಾಗುತ್ತದೆ.
3. ವೈದ್ಯರು ಹೇಳುವವರೆಗೆ ಕಣ್ಣಿಗೆ ನೀರು ತಾಕಿಸಬೇಡಿ, ತಲೆಸ್ನಾನ ಮಾಡಬೇಡಿ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಯಾವುದನ್ನೂ ಹಾಕಬೇಡಿ.
4. ಹೊಲ, ಗಿರಣಿ, ಮಗ್ಗ, ಒಲೆಯ ಹೊಗೆ ಇವುಗಳಿಂದ ದೂರವಿರಿ. ಹೊರಗೆ ಹೋಗುವಾಗ ಕಪ್ಪು ಚಷ್ಮಾ ಹಾಕಿ. ಎಷ್ಟು ದಿನ ಎಂದು ವೈದ್ಯರಿಂದ ಕೇಳಿ ತಿಳಿಯಿರಿ.
5. ಮೊದಲ ಒಂದೆರಡು ತಿಂಗಳು ದೃಷ್ಟಿ ಮೊದಲಿಗಿಂತ ಮಂಜಾಗಬಹುದು. ಪಟಲದಲ್ಲಿ ತಾತ್ಕಾಲಿಕವಾಗಿ ತೆಳುವಾದ ಮಸುಕು ಕೂಡುವುದೇ ಕಾರಣ. ಹೆಚ್ಚಿನವರಲ್ಲಿ ಕ್ರಮೇಣ ತಿಳಿಯಾಗುತ್ತದೆ. ಅಂತಿಮ ಫಲ ತಿಳಿಯಲು 6 ತಿಂಗಳಿಂದ ಒಂದು ವರ್ಷ ಬೇಕು. ಆದ್ದರಿಂದ ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗಳು ದಿನವನ್ನು ವೈದ್ಯರೊಡನೆ ಯೋಚಿಸಿ ನಿಗದಿಪಡಿಸಿಕೊಳ್ಳಿ. ಆದರೆ ವರ್ಷಗಟ್ಟಲೆ ಮುಂದೂಡಬೇಡಿ.
6. ಕಣ್ಣು ತಿಕ್ಕುವುದನ್ನು ಸಂಪೂರ್ಣ ಬಿಡಿ. ಬೇಲಿ ಹಾಕಿದ ಮೇಲೂ ದಿನಾಲೂ ಅದನ್ನು ಅಲುಗಾಡಿಸಿದರೆ ಅದು ಉಳಿಯುವುದಿಲ್ಲ. ತುರಿಕೆ ಬಂದರೆ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಹಗುರವಾಗಿ ಇಡಿ. ಚಿಕಿತ್ಸೆಯ ಗಾಯ ಮಾಯುವ ಮೊದಲು ಇದನ್ನೂ ಮಾಡಬೇಡಿ.
7. ಕಣ್ಣು ಚೆನ್ನಾಗಿದೆ ಎನಿಸಿದರೂ ಹೇಳಿದ ತಾರೀಖಿಗೆ ಮರುಪರೀಕ್ಷೆಗೆ ಬನ್ನಿ. ಇನ್ನೊಂದು ಕಣ್ಣನ್ನೂ ಪರೀಕ್ಷಿಸಬೇಕು. ಈ ರೋಗ ಹೆಚ್ಚಾಗಿ ಎರಡೂ ಕಣ್ಣುಗಳಿಗೆ ಬರುತ್ತದೆ, ಆದರೆ ಒಂದೇ ಸಮನಾಗಿ ಬರುವುದಿಲ್ಲ.

ಹಾಗಾದರೆ ಚೆನ್ನಾಗಿ ಕಾಣಲು ಏನು ಮಾಡಬೇಕು?

ರೋಗವನ್ನು ನಿಲ್ಲಿಸುವುದು ಒಂದು ಕೆಲಸ, ದೃಷ್ಟಿಯನ್ನು ಸ್ಪಷ್ಟಗೊಳಿಸುವುದು ಇನ್ನೊಂದು ಕೆಲಸ. ಎರಡಕ್ಕೂ ಬೇರೆ ಬೇರೆ ಉಪಾಯಗಳಿವೆ. ಆರಂಭದಲ್ಲಿ ಚಷ್ಮಾ ಸಾಕು. ನಂತರ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡದಾದ ಸ್ಕ್ಲೀರಲ್ ಲೆನ್ಸ್ ಹಾಕಿದರೆ ಸೊಟ್ಟ ಪಟಲದ ಮುಂದೆ ಒಂದು ಸರಿಯಾದ ದುಂಡು ಮೈ ನಿರ್ಮಾಣವಾಗಿ ದೃಷ್ಟಿ ಬಹಳಷ್ಟು ಸುಧಾರಿಸುತ್ತದೆ. ಲೆನ್ಸ್ ರೋಗವನ್ನು ತಡೆಯುವುದಿಲ್ಲ, ಕ್ರಾಸ್‌ಲಿಂಕಿಂಗ್ ಲೆನ್ಸಿನ ಕೆಲಸ ಮಾಡುವುದಿಲ್ಲ. ಹಲವರಿಗೆ ಎರಡೂ ಬೇಕಾಗುತ್ತವೆ.

ರೋಗ ತೀರ ಮುಂದುವರಿದು ಪಟಲದಲ್ಲಿ ಹೂ ಬಿದ್ದರೆ ಉಳಿಯುವುದು ಕಾರ್ನಿಯಾ ಕಸಿ. ಅದಕ್ಕೆ ದಾನಿಯ ಕಣ್ಣು ಬೇಕು. ಈಗ ಇಡೀ ಪಟಲದ ಬದಲು ಬೇಕಾದ ಪದರಗಳನ್ನು ಮಾತ್ರ ಜೋಡಿಸುವುದು ಸಾಧ್ಯವಾಗಿದೆ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೀಗೆಯೇ. ನಾರಾಯಣ ನೇತ್ರಾಲಯದ ವೈದ್ಯರು ಪಟಲದ ಮೇಲಿನ ಪದರವನ್ನು ಇಬ್ಬರಿಗೆ, ಒಳಗಿನ ಪದರವನ್ನು ಇನ್ನಿಬ್ಬರಿಗೆ ಕಸಿ ಮಾಡಿದರು. ಕೆರಟೋಕೋನಸ್ ರೋಗಿಗಳಿಗೆ ಹೆಚ್ಚಾಗಿ ಬೇಕಾಗುವುದು ಮೇಲಿನ ಪದರಗಳು. ಕಸಿ ದೊಡ್ಡ ಶಸ್ತ್ರಚಿಕಿತ್ಸೆ. ಹೊಲಿಗೆ, ದೀರ್ಘಕಾಲದ ಔಷಧ, ದೇಹ ಕಸಿಯನ್ನು ತಿರಸ್ಕರಿಸುವ ಭಯ ಎಲ್ಲವೂ ಇವೆ. ದಾನದ ಕಣ್ಣುಗಳೂ ಬೇಕಾದಷ್ಟು ಸಿಗುವುದಿಲ್ಲ. ಕಸಿಯವರೆಗೆ ಹೋಗದಂತೆ ನೋಡಿಕೊಳ್ಳುವುದೇ ಕ್ರಾಸ್‌ಲಿಂಕಿಂಗ್‌ನ ದೊಡ್ಡ ಉಪಕಾರ.

ರೋಗಿಗಳು ಕೇಳುವ ಕೆಲವು ಸಂದೇಹಗಳು

ಬಿ2 ಗುಳಿಗೆ ನುಂಗಿ ಬಿಸಿಲಿನಲ್ಲಿ ನಿಂತರೆ ಸಾಲದೇ?
ಸಾಲದು. ಔಷಧ ಕಾರ್ನಿಯಾದೊಳಗೆ ಸರಿಯಾದ ಪ್ರಮಾಣದಲ್ಲಿ ಇಳಿಯಬೇಕು, ಕಿರಣವೂ ಅಳತೆಯದಾಗಿರಬೇಕು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿನ ಒಳಪರದೆ ಸುಟ್ಟು ಶಾಶ್ವತ ಹಾನಿಯಾಗುತ್ತದೆ.

ಚಷ್ಮಾ ತೆಗೆಯುವ ಲೇಸರ್ ಮಾಡಿಸಬಹುದೇ?
ಲೇಸಿಕ್ ಚಿಕಿತ್ಸೆ ಕಾರ್ನಿಯಾವನ್ನು ಇನ್ನೂ ತೆಳುವಾಗಿಸುತ್ತದೆ. ಕೆರಟೋಕೋನಸ್ ಇರುವವರು ಇದನ್ನು ಮಾಡಿಸಬಾರದು. ಲೇಸಿಕ್‌ಗೆ ಮೊದಲು ಟೊಪೋಗ್ರಫಿ ಮಾಡುವುದು ಇದೇ ಕಾರಣಕ್ಕೆ.

ಮೊಬೈಲ್ ನೋಡುವುದರಿಂದ ಈ ರೋಗ ಬರುತ್ತದೆಯೇ?
ಇಲ್ಲ. ಆದರೆ ದಣಿದ, ಒಣಗಿದ ಕಣ್ಣನ್ನು ಮಕ್ಕಳು ತಿಕ್ಕುತ್ತಾರೆ. ಅದನ್ನು ತಡೆಯಬೇಕು.

ಹೆಣ್ಣುಮಗಳಿಗೆ ಈ ರೋಗವಿದ್ದರೆ ಮದುವೆಗೆ ಅಡ್ಡಿಯೇ?
ಯಾವ ಅಡ್ಡಿಯೂ ಇಲ್ಲ. ಇದು ಅಂಟುರೋಗವಲ್ಲ. "ಮದುವೆಯಾದ ಮೇಲೆ ತೋರಿಸೋಣ" ಎಂದು ಮುಚ್ಚಿಟ್ಟರೆ ಕೆಡುವುದು ಮಗಳ ಕಣ್ಣೇ. ಗರ್ಭಿಣಿಯಾದಾಗ ರೋಗ ಉಲ್ಬಣಿಸುವ ಸಂಭವವಿದ್ದು, ಆಗ ಚಿಕಿತ್ಸೆಯನ್ನೂ ಮುಂದೂಡಬೇಕಾಗುತ್ತದೆ. ಆದ್ದರಿಂದ ಮೊದಲೇ ಮಾಡಿಸುವುದು ಲೇಸು.

ಕೊಪ್ಪಳದಿಂದ ಎಲ್ಲಿಗೆ ಹೋಗಬೇಕು?
ಮೊದಲು ಹತ್ತಿರದ ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಟೊಪೋಗ್ರಫಿ ಮತ್ತು ಕ್ರಾಸ್‌ಲಿಂಕಿಂಗ್‌ಗೆ ಕಾರ್ನಿಯಾ ವಿಭಾಗವಿರುವ ದೊಡ್ಡ ಕಣ್ಣಿನ ಆಸ್ಪತ್ರೆ ಬೇಕು. ಹೋಗುವಾಗ ಹಳೆಯ ಚೀಟಿಗಳು, ಈಗಿನ ಚಷ್ಮಾ, ರೇಷನ್ ಕಾರ್ಡ್, ಆಧಾರ್ ಕಾರ್ಡ್ ಒಯ್ಯಿರಿ. ಸರ್ಕಾರಿ ಯೋಜನೆಯಲ್ಲಿ ಅಥವಾ ರಿಯಾಯಿತಿ ದರದಲ್ಲಿ ಆಗುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ. ಒಂದು ಕಣ್ಣಿಗೋ ಎರಡೂ ಕಣ್ಣಿಗೋ, ಖರ್ಚು ಎಷ್ಟು ಎಂಬುದನ್ನು ಕೇಳಲು ಸಂಕೋಚಪಡಬೇಡಿ.

ಕೊನೆಯದಾಗಿ

ಶಾಲೆಯಲ್ಲಿ ಮಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು ಕುಳಿತರೆ, ವರ್ಷದೊಳಗೆ ಚಷ್ಮಾ ಮತ್ತೆ ಮತ್ತೆ ಬದಲಾದರೆ, ಕಣ್ಣು ತಿಕ್ಕುವ ಚಾಳಿ ಬಿಡದಿದ್ದರೆ "ದೊಡ್ಡವನಾದಂತೆ ಸರಿಹೋಗುತ್ತದೆ" ಎಂದು ಸುಮ್ಮನಿರಬೇಡಿ. ಅಂಗಡಿಯಲ್ಲಿ ಇನ್ನೊಂದು ಚಷ್ಮಾ ಕೊಡಿಸುವ ಮೊದಲು ಒಮ್ಮೆ ನೇತ್ರತಜ್ಞರಿಗೆ ತೋರಿಸಿ, ಕಾರ್ನಿಯಾದ ನಕ್ಷೆ ಬೇಕೇ ಎಂದು ಕೇಳಿ. ಪೊರೆಗೆ ನಾಳೆ ಎನ್ನಬಹುದು, ಕೆರಟೋಕೋನಸ್‌ಗೆ ನಾಳೆ ಎನ್ನುವಂತಿಲ್ಲ. ಇಂದು ಕಾಣುತ್ತಿರುವಷ್ಟನ್ನು ಉಳಿಸಿಕೊಳ್ಳುವುದು ಇಂದು ಮಾತ್ರ ನಮ್ಮ ಕೈಯಲ್ಲಿದೆ.